ಸಿ. ಅಶ್ವಥ್ ಸಿನಿಮಾ ಸಂಗೀತಗಾರರಾ, ಭಾವಗೀತೆ ಗಾಯಕರಾ?

ಎರಡೂ. ಆದರೆ ಅವರಲ್ಲಿ ಎರಡನ್ನೂ ಬೇರೆ ಮಾಡೋದು ಕಷ್ಟ.

ಅಶ್ವಥ್ (1939–2009) ಬೆಂಗಳೂರಿನ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಹಾಡು ಕೆಲಸದ ಜೊತೆಜೊತೆಗೇ ನಡೆಯಿತು. ರಂಗಭೂಮಿಯಿಂದ ಬಂದು, ‘ಕಾಕನ ಕೋಟೆ’ಯಿಂದ ಸಿನಿಮಾಕ್ಕೆ ಕಾಲಿಟ್ಟರು. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವಥ್-ವೈದಿ’ ಆದರು. ‘ಆಲೆಮನೆ’ಯ ‘ನಮ್ಮೂರ ಮಂದಾರ ಹೂವೆ’ ಈ ಜೋಡಿಯದ್ದೇ. ಹಾಡಿದ್ದು ಎಸ್.ಪಿ.ಬಿ., ಹಾಗಾಗಿ ರಾಗ ಹಾಕಿದವರ ಹೆಸರು ಜಾಸ್ತಿ ಜನಕ್ಕೆ ನೆನಪಿರೋದಿಲ್ಲ!

ನನ್ನ ಪ್ರಕಾರ ಅವರ ನಿಜವಾದ ತಾಕತ್ತು ಕಾಣೋದು ನಿರ್ದೇಶಕ ಟಿ.ಎಸ್. ನಾಗಾಭರಣರ ಸಿನಿಮಾಗಳಲ್ಲಿ. ‘ಸಂತ ಶಿಶುನಾಳ ಶರೀಫ’ದಲ್ಲಿ (1990) ತೆರೆ ಮೇಲೆ ಶ್ರೀಧರ್, ದನಿ ಅಶ್ವಥ್‌ರದ್ದು. ಆ ದನಿ ನುಣುಪಲ್ಲ, ಸ್ವಲ್ಪ ಒರಟು. ಮೇಲಿನ ಸ್ವರದಲ್ಲಿ ಎಳೆದು ನಿಲ್ಲಿಸಿದರೆ ಮೈ ಜುಮ್ ಅನ್ನುತ್ತೆ. ತತ್ವಪದಕ್ಕೆ ಅದೇ ಬೇಕಿತ್ತು, ಅಲ್ವಾ? ‘ಮೈಸೂರು ಮಲ್ಲಿಗೆ’ಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನೇ ಸಿನಿಮಾ ಹಾಡು ಮಾಡಿದರು. ‘ಚಿನ್ನಾರಿ ಮುತ್ತ’, ‘ನಾಗಮಂಡಲ’ ಕೂಡ ಅವರವೇ.

2005ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ನಡೆದ ಅವರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮಕ್ಕೆ ಜನಸಾಗರವೇ ಬಂದಿತ್ತು. ಸಿನಿಮಾ ತಾರೆಗಾಗಿ ಅಲ್ಲ, ಕವಿತೆ ಕೇಳೋದಕ್ಕೆ.