ಬೇಸಿಗೆಯ ಕೆರೆಗೂ ಕ್ಯಾಮೆರಾ ಹಿಡಿಯಿರಿ

ಲಕ್ಷ್ಮೇಶ್ವರದ ಓದುಗರೇ, ನಮಸ್ಕಾರ.

ನಿಮ್ಮ ಪತ್ರ ಮತ್ತು ಫೋಟೋಗಳು ತಲುಪಿದವು. ಡಿಸೆಂಬರಿನಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿದ್ದಿರಿ. ಹೆಬ್ಬಾತುಗಳು ಬರೀ ಚುಕ್ಕೆಗಳಾಗಿ ಬಂದಿವೆ, ನೀರು ಬೆಳ್ಳಗೆ ಸುಟ್ಟ ಹಾಗಿದೆ, ದೊಡ್ಡ ಲೆನ್ಸ್ ಕೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಹಕ್ಕಿಗಳು ಹೋದ ಮೇಲೆ ಅಲ್ಲಿ ತೆಗೆಯುವಂಥದ್ದು ಏನಿರುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ಕೊನೆಗೆ ಒಂದು ದೂರು. ಪತ್ರಿಕೆಯಲ್ಲಿ ಬರುವ ಕೆರೆ, ಹೊಳೆಗಳೆಲ್ಲ ತುಂಬಿ ತುಳುಕುವಂಥವೇ, "ನಮ್ಮ ಕಡೆ ವರ್ಷದಲ್ಲಿ ಎಷ್ಟು ದಿನ ಕೆರೆ ಹಾಗಿರುತ್ತೆ ಸರ್?" ಎಂದಿದ್ದೀರಿ.

ದೂರಿನಿಂದಲೇ ಶುರು ಮಾಡುತ್ತೇನೆ. ನಮಗೆ ಬರುವ ಕೆರೆ ಚಿತ್ರಗಳಲ್ಲಿ ಹೆಚ್ಚಿನವು ಆಗಸ್ಟಿನಿಂದ ಡಿಸೆಂಬರ್ ಒಳಗಿನವು. ಕೋಡಿ ಬಿದ್ದ ದಿನ ಊರಿಗೆ ಊರೇ ಕೆರೆ ಮೇಲಿರುತ್ತದೆ, ಎಲ್ಲರ ಕೈಯಲ್ಲೂ ಮೊಬೈಲ್. ಮಾರ್ಚ್ ಬಂತೆಂದರೆ ಆ ಕಡೆ ತಲೆ ಹಾಕುವವರಿಲ್ಲ. ಗದಗ, ಧಾರವಾಡ, ಹಾವೇರಿ ಸೀಮೆಯ ಕೆರೆ ವರ್ಷವಿಡೀ ಏರುತ್ತದೆ, ಇಳಿಯುತ್ತದೆ. ತುಂಬಿದ ದಿನದ್ದೊಂದೇ ಫೋಟೋ ತೆಗೆದರೆ ಆ ಕೆರೆಯ ಬದುಕಿನಲ್ಲಿ ಮುಕ್ಕಾಲು ಪಾಲು ಬಿಟ್ಟ ಹಾಗೆ. ಅದಕ್ಕೇ ನನ್ನ ಮಾತು ಇಷ್ಟು: ಒಂದೇ ಕೆರೆ ಹಿಡಿಯಿರಿ, ಒಂದೇ ಜಾಗದಲ್ಲಿ ನಿಲ್ಲಿ, ಎಲ್ಲ ಕಾಲದಲ್ಲೂ ಹೋಗಿ.

ಜಾಗ ಆರಿಸುವಾಗ ಕದಲದ ವಸ್ತು ಒಂದು ಚೌಕಟ್ಟಿನೊಳಗೆ ಇರಲಿ. ತೂಬಿನ ಕಲ್ಲು, ಮೆಟ್ಟಿಲು, ಹಳೆಯ ಜಾಲಿ ಗಿಡ, ಯಾವುದಾದರೂ ಸರಿ. ನೀರು ಎಷ್ಟು ಸರಿಯಿತು ಅನ್ನುವುದನ್ನು ಅದೇ ಹೇಳುತ್ತದೆ. ನೀರು ಇಳಿದಾಗ ಮೆಟ್ಟಿಲ ಮೇಲೆ, ಹಾಲು ಕಾಸಿದ ಪಾತ್ರೆಯಲ್ಲಿ ಉಳಿಯುವ ಹಾಗೆ, ಒಂದರ ಕೆಳಗೊಂದು ಗೆರೆ ಬಿದ್ದಿರುತ್ತದೆ. ಆ ಗೆರೆಗಳೇ ಒಂದು ಫೋಟೋ.

ಬೆಳಕಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವಿರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಜೂನ್ ಕೊನೆಯಲ್ಲಿ ಸೂರ್ಯ ಸುಮಾರು 24 ಡಿಗ್ರಿ ಎಡಕ್ಕೆ ಹುಟ್ಟುತ್ತಾನೆ, ಡಿಸೆಂಬರ್ ಕೊನೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬಲಕ್ಕೆ. ಹಾಗಾಗಿ ಚಳಿಗಾಲದಲ್ಲಿ ಬೆಳಕು ಬಿದ್ದ ದಂಡೆ ಮಳೆಗಾಲದಲ್ಲಿ ನೆರಳಿನಲ್ಲಿರಬಹುದು. ಡಿಸೆಂಬರಿನ ನಡುಮಧ್ಯಾಹ್ನದಲ್ಲೂ ಐದು ಅಡಿ ಎತ್ತರದವರ ನೆರಳು ನಾಲ್ಕು ಅಡಿ ಇರುತ್ತದೆ. ಮೇ ಮೊದಲ ವಾರದಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ನೆರಳು ಕಾಲಡಿ ಸೇರುತ್ತದೆ. ಆಗ ಹತ್ತು ಗಂಟೆಯ ನಂತರ ತೆಗೆದರೆ ಎಲ್ಲವೂ ಚಪ್ಪಟೆ. ಬೇಸಿಗೆಯಲ್ಲಿ ಏಳರೊಳಗೆ ಕೆರೆಯಲ್ಲಿರಿ, ಇಲ್ಲವೇ ಸಂಜೆ ಐದರ ಮೇಲೆ ಹೋಗಿ.

ಅಷ್ಟು ಬೇಗ ಎದ್ದು ಬತ್ತಿದ ಕೆರೆಯಲ್ಲಿ ನೋಡುವುದು ಏನು? ಮೊದಲು ನೆಲ ನೋಡಿ. ನಮ್ಮ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಕುಗ್ಗಿದಲ್ಲಿ ಬಿರಿಯುತ್ತದೆ. ಏಪ್ರಿಲಿನಲ್ಲಿ ಕೆರೆಯ ಅಂಗಳದಲ್ಲಿ ಮಂಡಿಯೂರಿ ಕೂತು ಒಂದೇ ಒಂದು ಹೆಂಟೆಯನ್ನು ಹತ್ತಿರದಿಂದ ನೋಡಿ. ಮೇಲಿನ ತೆಳು ಪದರ ಕೆಳಗಿನದಕ್ಕಿಂತ ಬೇಗ ಒಣಗುತ್ತದೆ, ಅದಕ್ಕೇ ಅಂಚು ಮೇಲಕ್ಕೆ ಸುರುಳಿಯಾಗಿ ಎದ್ದಿರುತ್ತದೆ. ಅದರ ಮೇಲೆ ಬೆಳ್ಳಕ್ಕಿಯ ಕಾಲಿನ ಮೂರು ಗೆರೆ, ಹಿಂದೆ ಒಂದು. ಪಕ್ಕದಲ್ಲಿ ಎಮ್ಮೆ ಗೊರಸಿನ ಕುಳಿ. ಕೆಸರಿದ್ದಾಗ ಬಿದ್ದ ಗುರುತು ಈಗ ಗಟ್ಟಿಯಾಗಿದೆ. ಬಿರುಕಿನೊಳಗೆ ಬಸವನಹುಳದ ಖಾಲಿ ಚಿಪ್ಪು. ಬೆಳಗಿನ ಓರೆ ಬಿಸಿಲು ಬಿದ್ದರೆ ಸುರುಳಿಯ ಒಂದು ಅಂಚು ಹೊಳೆಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಕ್ಯಾಮೆರಾ ನೆಲದಿಂದ ಗೇಣು ಮೇಲಿರಲಿ. ಇದಕ್ಕೆ ದುಬಾರಿ ಲೆನ್ಸ್ ಏನೂ ಬೇಡ.

ಆಮೇಲೆ ಜನರನ್ನು ನೋಡಿ. ಹೂಳು ತುಂಬಿ ಹೊಲಕ್ಕೆ ಹೇರುವ ಟ್ರ್ಯಾಕ್ಟರುಗಳು, ಉಳಿದ ಒಂದು ಗುಂಡಿಯ ಸುತ್ತ ನೆರೆದ ದನಗಳು, ಕುರಿ ಕಾಯುವವರು. ಕೇಳಿ ತೆಗೆಯಿರಿ. ನಮ್ಮ ಕಡೆಯ ಮಂದಿ ಬೇಡ ಅನ್ನುವುದು ಕಡಿಮೆ, ಆದರೂ ಕೇಳಿ.

ಒಂದು ಎಚ್ಚರಿಕೆಯ ಮಾತು. ಬೇಸಿಗೆಯ ಕೆರೆಯಂಗಳ ಖಾಲಿ ಕಂಡರೂ ಖಾಲಿ ಇರುವುದಿಲ್ಲ. ಟಿಟ್ಟಿಭ ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ, ಕಾಲಿಟ್ಟ ಮೇಲೆ ಗೊತ್ತಾಗುತ್ತದೆ. ಹಕ್ಕಿ ನಿಮ್ಮ ತಲೆ ಸುತ್ತ ಕಿರುಚುತ್ತ ಹಾರಿದರೆ ಗೂಡು ಹತ್ತಿರದಲ್ಲಿದೆ ಎಂದರ್ಥ. ಬಂದ ದಾರಿಯಲ್ಲೇ ವಾಪಸ್ ಬನ್ನಿ. ತಾಯಿ ಹಕ್ಕಿ ಹೊರಗಿದ್ದಷ್ಟು ಹೊತ್ತು ಮೊಟ್ಟೆ ಆ ಬಿಸಿಲಿನಲ್ಲಿ ಬೇಯುತ್ತದೆ. ತುಂಗಭದ್ರೆಯ ಮರಳ ದಿಬ್ಬಗಳಿಗೂ ಇದೇ ಮಾತು, ರೀವ (ಟರ್ನ್) ಹಕ್ಕಿಗಳು ಗೂಡು ಮಾಡುವುದು ಮರಳ ಮೇಲೆಯೇ. ಗೂಡಿನ ಫೋಟೋ ಎಷ್ಟೇ ಚೆನ್ನಾಗಿದ್ದರೂ ನಾವು ಅಚ್ಚು ಹಾಕುವುದಿಲ್ಲ.

ಮಿರಗ (ಮೃಗಶಿರಾ ಮಳೆ) ಹೂಡಿದ ಮೇಲೆ ಬರುವ ಮೊದಲ ನೀರು ಕೆಂಪು, ಇಲ್ಲವೇ ಎರೆ ಸೀಮೆಯಲ್ಲಿ ಕಪ್ಪು ಕಂದು. ಬಹಳ ಮಂದಿ ಇದನ್ನು ಹೊಲಸು ನೀರು ಅಂತ ಬಿಡುತ್ತಾರೆ, ಅಥವಾ ಕಂಪ್ಯೂಟರಿನಲ್ಲಿ ನೀಲಿ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಅದು ಮೇಲಿನ ಹೊಲಗಳ ಮಣ್ಣು, ಆ ಬಣ್ಣದಲ್ಲೇ ಸುದ್ದಿಯಿದೆ. ವರದಾ ನದಿಯನ್ನು ನೋಡಿ. ಅದು ಹುಟ್ಟುವುದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರ. ಹಾವೇರಿಯಲ್ಲಿ ಹನಿ ಬೀಳದ ದಿನವೂ ಮಲೆನಾಡಿನ ಮಳೆ ಹೊಳೆಯಾಗಿ ಬರುತ್ತದೆ. ಗಳಗನಾಥದಲ್ಲಿ ವರದೆ ತುಂಗಭದ್ರೆಗೆ ಸೇರುವ ಕಡೆ, ಗಳಗೇಶ್ವರ ಗುಡಿಯನ್ನು ಹಿನ್ನೆಲೆಗಿಟ್ಟು ಜುಲೈಯಲ್ಲಿ ಒಂದು, ಏಪ್ರಿಲಿನಲ್ಲಿ ಒಂದು ತೆಗೆದು ಪಕ್ಕಪಕ್ಕ ಇಡಿ.

ಬೆಣ್ಣೆಹಳ್ಳದ ಮಾತು ಬೇರೆ. ಶಿಗ್ಗಾವಿ ಕಡೆ ಹುಟ್ಟಿ ಕುಂದಗೋಳ, ನವಲಗುಂದ ಸೀಮೆ ದಾಟಿ ಮಲಪ್ರಭೆ ಸೇರುವ ಈ ಹಳ್ಳ ಬೇಸಿಗೆಯಲ್ಲಿ ಹೆಸರಿಗೆ ಮಾತ್ರ ಹಳ್ಳ. ಮೇಲೆ ಜೋರು ಮಳೆಯಾದರೆ ನೀವು ನಿಂತಲ್ಲಿ ಬಿಸಿಲಿದ್ದರೂ ನೀರು ಏರಿಬಿಡುತ್ತದೆ. ಕೆಳಮಟ್ಟದ ಸೇತುವೆ ಮೇಲೆ ನಿಂತು ತೆಗೆಯಬೇಡಿ. ನೀರು ಪಾದ ಮುಟ್ಟುವ ಮೊದಲೇ ದಡದ ಎತ್ತರಕ್ಕೆ ಹೋಗಿ, ಅಲ್ಲಿಂದ ತೆಗೆಯಿರಿ.

ದೀಪಾವಳಿ ಹೊತ್ತಿಗೆ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಪೋಲರೈಸರ್ ಫಿಲ್ಟರ್ ಇದ್ದರೆ ಬ್ಯಾಗಿನಿಂದ ಹೊರತೆಗೆಯುವ ಕಾಲ ಇದು. ತಿರುಗಿಸುತ್ತ ಹೋದರೆ ಮೇಲಿನ ಹೊಳಪು ಕಡಿಮೆಯಾಗಿ ತಳದ ಜೊಂಡು, ಕಲ್ಲು ಕಾಣುತ್ತವೆ. ಪೂರ್ತಿ ತಿರುಗಿಸಬೇಡಿ. ಆಕಾಶದ ಪ್ರತಿಬಿಂಬವೂ ಹೋಗಿ ಕೆರೆ ಕಪ್ಪು ಗುಂಡಿಯಂತೆ ಕಾಣುತ್ತದೆ. ಜೂನಿನ ಕೆಂಪು ನೀರಿಗೆ ಅದರಿಂದ ಏನೂ ಲಾಭವಿಲ್ಲ, ಹೊಳಪು ತೆಗೆದರೆ ಕಾಣುವುದು ಕೆಸರೇ.

ಈಗ ನಿಮ್ಮ ಮಾಗಡಿ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಜೌಗುನೆಲ, ಕೆರೆಗಳನ್ನು ಕಾಪಾಡಲು 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿ ಅದು. ರಂಗನತಿಟ್ಟಿನ ಸಾಲಿನಲ್ಲಿ ಶಿರಹಟ್ಟಿ ತಾಲೂಕಿನ ಒಂದು ಊರ ಕೆರೆ ಇದೆಯೆಂದರೆ ಹೆಮ್ಮೆ ಅಲ್ವಾ? ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಕೆರೆಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲಕ್ಕೆ ಇಳಿದು ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ಮರಳುತ್ತವೆ, ಹಗಲು ನಡುನೀರಿನಲ್ಲಿ ವಿಶ್ರಾಂತಿ. ನಿಮ್ಮ ಫೋಟೋದ ನೆರಳು ನೋಡಿದರೆ ನೀವು ಹೋಗಿದ್ದು ಬಿಸಿಲೇರಿದ ಮೇಲೆ. ಅಷ್ಟೊತ್ತಿಗೆ ಹಕ್ಕಿಗಳು ದೂರ ಸರಿದಿರುತ್ತವೆ, ನೀರು ಹೊಳೆಯುತ್ತಿರುತ್ತದೆ. ಬೆಳಕು ಹರಿಯುವ ಮುಂಚೆ ಏರಿಯ ಮೇಲೆ ಸುಮ್ನೆ ಕೂತಿರಿ. ಮೊದಲು ಕೂಗು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಹಾರುವ ಹಕ್ಕಿಗೆ ಷಟರ್ ಸೆಕೆಂಡಿನ 1/1000ಕ್ಕಿಂತ ನಿಧಾನ ಬೇಡ. ಬಿಸಿಲೇರಿದ ಮೇಲೆ ಹೊಳೆಯುವ ನೀರಿಗೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಒಳಬರುವ ಬೆಳಕು ಅರ್ಧ ಮಾಡಿ. ಮಂಜಿದ್ದರೆ ಉಲ್ಟಾ, ಅರ್ಧದಿಂದ ಒಂದು ಸ್ಟಾಪ್ ಏರಿಸಿ, ಇಲ್ಲದಿದ್ದರೆ ಬಿಳಿ ಮಂಜು ಬೂದಿ ಬಣ್ಣಕ್ಕೆ ಬರುತ್ತದೆ. ಕೆರೆ ಮಂಜು ಏಳುವುದು ಗಾಳಿಯಿಲ್ಲದ, ಮೋಡವಿಲ್ಲದ ಚಳಿ ರಾತ್ರಿ ಕಳೆದ ಮೇಲೆ. ನೀರು ಇನ್ನೂ ಬೆಚ್ಚಗಿರುತ್ತದೆ, ಮೇಲಿನ ಗಾಳಿ ತಣ್ಣಗಿರುತ್ತದೆ. ಧಾರವಾಡದ ಕೆಲಗೇರಿ ಕೆರೆಯಲ್ಲೂ ಅಂಥ ಬೆಳಗು ಸಿಗುತ್ತದೆ.

ದೊಡ್ಡ ಲೆನ್ಸ್ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಹತ್ತಿರ ಇರುವ 200 ಎಂ.ಎಂ. ಸಾಕು. ಒಂದು ಹಕ್ಕಿಯ ಕಣ್ಣು ತೆಗೆಯಲು ಹೋಗಬೇಡಿ, ಹಿಂಡನ್ನು ತೆಗೆಯಿರಿ: ಹಿಂಡು, ನೀರು, ಆಚೆ ದಂಡೆಯ ಜೋಳದ ಹೊಲ. ಈ ಹಕ್ಕಿ ಮಾಗಡಿಯಲ್ಲಿದೆ ಅನ್ನುವುದು ಹಾಗೆ ತೆಗೆದರೇ ಗೊತ್ತಾಗುವುದು. ಹತ್ತಿರ ಹೋಗುವ ಆಸೆಯಾದರೆ ಅವುಗಳ ಕತ್ತು ನೋಡಿ. ಎಲ್ಲ ಒಟ್ಟಿಗೆ ಕತ್ತು ಎತ್ತಿದವೆಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ, ಅಲ್ಲೇ ನಿಲ್ಲಿ. ಎಬ್ಬಿಸಿ ಹಾರಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮುಂದೆ ಹಿಮಾಲಯ ದಾಟಬೇಕಾದ ಹಕ್ಕಿಗೆ ಇಲ್ಲಿ ತಿಂದು ಕೂಡಿಟ್ಟ ಕೊಬ್ಬೇ ಬುತ್ತಿ.

ಹುಬ್ಬಳ್ಳಿಗೆ ಬಂದಾಗ ಉಣಕಲ್ ಕೆರೆಯನ್ನೂ ನೋಡಿ. ಸಂಜೆ ಸೂರ್ಯನನ್ನು ಎಲ್ಲರೂ ತೆಗೆಯುತ್ತಾರೆ. ನೇರಳೆ ಹೂವಿನ ಅಂತರಗಂಗೆ ಹಬ್ಬಿದ್ದರೆ ಅದನ್ನೂ ತೆಗೆಯಿರಿ, ಆದರೆ ಹೂವಿನ ಚೆಂದಕ್ಕೆ ನಿಲ್ಲಿಸಬೇಡಿ. ಆ ಕಳೆ ಹಾಗೆ ಕೊಬ್ಬುವುದು ಕೊಳಚೆ ಸೇರಿದ ನೀರಿನಲ್ಲಿ. ಕೊಳಚೆ ಒಳಬರುವ ಮೋರಿ ಕಂಡರೆ ಅದೂ ಅದೇ ಚೌಕಟ್ಟಿನಲ್ಲಿರಲಿ.

ನೀವು ಕಳಿಸಿದ್ದರಲ್ಲಿ ಒಂದು ಫೋಟೋ ನನಗೆ ಬಹಳ ಹಿಡಿಸಿತು. ಹೆಬ್ಬಾತು ಇಲ್ಲದ್ದು, ಮಾಗಡಿಯ ದಂಡೆಯಲ್ಲಿ ಒದ್ದೆ ಮಣ್ಣು ಒಣ ಮಣ್ಣಿಗೆ ಸೇರುವ ಗೆರೆ ಕಾಣುವಂಥದ್ದು. ಅದನ್ನು ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ. ತೆಗೆದ ತಾರೀಖು ಮತ್ತು ಹೊತ್ತು ಬರೆದು ಕಳಿಸಿ. ಅದೇ ಜಾಗದಿಂದ ಏಪ್ರಿಲಿನಲ್ಲಿ ಒಂದು, ಮಿರಗದ ನಂತರ ಒಂದು ತೆಗೆದು ಕಳಿಸಿದರೆ ಮೂರನ್ನೂ ಒಂದೇ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ