ಓದುಗರ ಪ್ರಶ್ನೆ: ಹೊಸ ಮನೆಯ ಬಚ್ಚಲಿಗೆ ಹಂಡೆಯೋ, ಸೌದೆ ಬಾಯ್ಲರೋ?

ಪ್ರಶ್ನೆ: ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ, ಗೋಡೆ ಎದ್ದಿದೆ, ಇನ್ನೂ ತಾರಸಿ ಹಾಕಿಲ್ಲ. ಸೋಲಾರ್ ವಾಟರ್ ಹೀಟರ್ ಕೂರಿಸುತ್ತೇವೆ. ಮೋಡದ ದಿನಗಳಿಗೆಂದು ಸೌದೆ ಒಲೆಯೂ ಬೇಕು. ತಾಮ್ರದ ಹಂಡೆ ಹೂಳಿಸಬೇಕೆಂದು ನಮ್ಮ ಅತ್ತೆಯವರು, ಪೇಟೆಯ ಸೌದೆ ಬಾಯ್ಲರ್ ಸಾಕೆಂದು ಮಗ ಹೇಳುತ್ತಾರೆ. ಮನೆಯಲ್ಲಿ ಐದು ಜನ, ಅಡಿಕೆ, ತೆಂಗಿನ ತೋಟವಿದೆ, ನೀರು ಬೋರ್‌ವೆಲ್‌ನದು. ಯಾವುದು ಮೇಲು?
— ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ತಾರಸಿ ಹಾಕುವ ಮೊದಲೇ ಕೇಳಿದ್ದೀರಿ, ಸಂತೋಷ. ಒಲೆ ಯಾವುದೆಂಬುದಕ್ಕಿಂತ ಮೊದಲು, ಅದರ ಉರಿಬಾಯಿ ಎತ್ತ ತೆರೆಯುತ್ತದೆ, ಹೊಗೆ ಎಲ್ಲಿಂದ ಹೋಗುತ್ತದೆ ಎಂಬುದು ತೀರ್ಮಾನವಾಗಬೇಕು. ಉರಿಬಾಯಿ ಬಚ್ಚಲಿನ ಒಳಗಿರಲೇಬಾರದು. ಹಿತ್ತಿಲ ಕಡೆಯ ಗೋಡೆಯಾಚೆ ಇರಲಿ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಸೌದೆಯೋ ಕೆಂಡವೋ ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಅಪಾಯ ಅರಿಯುವ ಮೊದಲೇ ಪ್ರಜ್ಞೆ ತಪ್ಪಬಹುದು. ಹೊಗೆಕೊಳವೆ ತಾರಸಿಯನ್ನು ದಾಟುವ ಜಾಗವನ್ನು ಮೇಸ್ತ್ರಿಗೆ ಈಗಲೇ ತೋರಿಸಿ, ಅಲ್ಲಿ ಕಿಂಡಿ ಬಿಡಿಸಿಕೊಳ್ಳಿ.

ಇನ್ನು ಆಯ್ಕೆ. ನಿಮ್ಮ ಮನೆಗೆ ನಾನು ಹಂಡೆಯನ್ನೇ ಹೇಳುತ್ತೇನೆ, ಆದರೆ ತಾಮ್ರ ಎಂಬ ಕಾರಣಕ್ಕಲ್ಲ. ತಾಮ್ರವು ಸ್ಟೀಲಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ನಿಜ. ಆದರೆ ತೆಳುವಾದ ಪಾತ್ರೆಯಲ್ಲಿ ಶಾಖಕ್ಕೆ ಅಡ್ಡಿಯಾಗುವುದು ಲೋಹಕ್ಕಿಂತ ಹೆಚ್ಚಾಗಿ ಬಿಸಿಗಾಳಿಯಿಂದ ಪಾತ್ರೆಗೆ ಶಾಖ ದಾಟುವ ಹಂತ ಮತ್ತು ತಳಕ್ಕೆ ಅಂಟಿದ ಮಸಿ. ಮನೆಯಲ್ಲಿ ಹಳೆಯ ತಾಮ್ರದ ಹಂಡೆ ಇದ್ದರೆ ಖಂಡಿತ ಬಳಸಿ, ಹೊಸದಾಗಿ ಕೊಳ್ಳಲೇಬೇಕೆಂದಿಲ್ಲ. ಹಂಡೆ ಮೇಲೆನ್ನಲು ನಿಜವಾದ ಕಾರಣ ನಿಮ್ಮ ನೀರು ಮತ್ತು ನಿಮ್ಮ ತೋಟ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕಾಯಿಸಿದಂತೆಲ್ಲ ಸುಣ್ಣದಂಥ ಪದರ ಕಟ್ಟುತ್ತದೆ. ಹಂಡೆಯನ್ನು ಕೈಹಾಕಿ ಉಜ್ಜಬಹುದು, ಬಾಯ್ಲರಿನ ಒಳಗೆ ಕೈ ಹೋಗುವುದಿಲ್ಲ. ತೆಂಗಿನ ಗರಿ, ಮಟ್ಟೆ, ಅಡಿಕೆ ಸಿಪ್ಪೆಗಳಿಗೆ ಅಗಲವಾದ ಉರಿಬಾಯಿ ಬೇಕು. ಬಾಯ್ಲರಿನ ಚಿಕ್ಕ ಬಾಯಿಗೆ ಎಲ್ಲವನ್ನೂ ತುಂಡರಿಸಿ ಕೊಡಬೇಕಾಗುತ್ತದೆ. ಮಹಡಿಯ ನಲ್ಲಿಗೂ ಬಿಸಿನೀರು ಬೇಕೆಂದರೆ ಮಾತ್ರ ಮಗನ ಮಾತೇ ಸರಿ. ಆಗ ಆವಿ ಹೊರಹೋಗುವ ಕೊಳವೆಯನ್ನು ಎಂದೂ ಮುಚ್ಚಬಾರದು, ನೀರು ತುಂಬದೆ ಒಲೆ ಹಚ್ಚಬಾರದು.

ಆದರೆ ಹಂಡೆಯನ್ನು ಹಳೆಯ ರೀತಿಯಲ್ಲಿ ಹೂಳಿಸಬೇಡಿ. ಊದುಗೊಳವೆ ಹಿಡಿದು ಕಣ್ಣು ಕೆಂಪಾಗಿಸಿಕೊಂಡ ನಮ್ಮ ತಾಯಂದಿರ ಕಷ್ಟ ಹೊಸ ಮನೆಗೂ ಬರಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಡುಗೆಯ ಅಸ್ತ್ರ ಒಲೆಯ ಹೆಸರನ್ನು ನೀವು ಕೇಳಿರಬಹುದು. ಅದರ ತತ್ವವೇ ಇಲ್ಲಿಗೂ ಸಾಕು: ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಅದರಡಿಯಿಂದ ಗಾಳಿ, ಹಂಡೆಯ ಸುತ್ತ ಹೆಬ್ಬೆರಳಿನಷ್ಟು ಮಾತ್ರ ಸಂದು, ಆ ಸಂದನ್ನು ಸುತ್ತಿ ಬಂದ ಬಿಸಿಗಾಳಿಗೆ ಹೊಗೆಕೊಳವೆ. ಐದು ಜನರಿಗೆ 80 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು, ಸೌದೆಯ ಶಾಖದಲ್ಲಿ ನೂರಕ್ಕೆ 30ರಷ್ಟು ನೀರಿಗೆ ಸೇರುವ ಒಲೆಯಾದರೆ ಸುಮಾರು ಒಂದೂವರೆ ಕಿಲೋ ಒಣಸೌದೆ ಬೇಕು. ನೂರಕ್ಕೆ 10ರಷ್ಟೇ ಸೇರುವ ತೆರೆದ ಒಲೆಗೆ ನಾಲ್ಕೂವರೆ ಕಿಲೋ ಆದೀತು.

ಒಣಸೌದೆ ಎಂದದ್ದನ್ನು ಗಮನಿಸಿ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಮೊದಲ ಶಾಖವೆಲ್ಲ ಆ ನೀರನ್ನು ಆವಿಯಾಗಿಸುವುದಕ್ಕೇ ಹೋಗುತ್ತದೆ. ನಿಮಗೆ ಒಲೆ ಬೇಕಾಗುವುದೇ ಹೆಚ್ಚಾಗಿ ಮಳೆಗಾಲದ ಮೋಡದಲ್ಲಿ. ಆದ್ದರಿಂದ ಬೇಸಿಗೆಯಲ್ಲೇ ಒಣಗಿಸಿದ ಗರಿ, ಮಟ್ಟೆಗಳನ್ನು ಇಡಲು ಉರಿಬಾಯಿಯ ಬಳಿ, ಕಿಡಿ ತಾಗದಷ್ಟು ದೂರದಲ್ಲಿ, ಒಂದು ಮಾಡು ಇಳಿಸಿ. ಹೊಗೆಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಕಿಂಡಿ ಇಡಿಸಿ, ತುದಿಗೆ ಮಳೆನೀರು ಇಳಿಯದಂತೆ ಟೋಪಿ ಹಾಕಿಸಿ. ಬೆಂಕಿ ಹಚ್ಚಲು ಪ್ಲಾಸ್ಟಿಕ್ ಕವರ್ ಬಳಸುವ ರೂಢಿ ನಮ್ಮ ಕಡೆ ಬಹಳ ಬೆಳೆದಿದೆ, ಅದರ ಹೊಗೆ ವಿಷ. ಒಣಗಿದ ತೆಂಗಿನ ಗರಿಯೊಂದಿದ್ದರೆ ಅದು ಬೇಕೇ ಆಗುವುದಿಲ್ಲ.