ರಾತ್ರಿ ರೀಲ್ಸ್ ನೋಡುವುದು ನಿಲ್ಲುತ್ತಿಲ್ಲ, ಟೈಮರ್ ಹಾಕಿದರೂ ಪ್ರಯೋಜನವಿಲ್ಲ. ಆ್ಯಪ್ ಡಿಲೀಟ್ ಮಾಡುವುದೊಂದೇ ದಾರಿಯೇ?

ಡಿಲೀಟ್ ಮಾಡಬೇಕಾಗಿಲ್ಲ. ಮೊದಲು ಟೈಮರ್ ಏಕೆ ಸೋಲುತ್ತದೆ ನೋಡಿ. ಫೋನ್ ಬಳಕೆಯ ಲೆಕ್ಕವಿಡುವ ಸೆಟ್ಟಿಂಗ್‌ಗಳು, ಅಂದರೆ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಆಗಲಿ, ಐಫೋನಿನ ಸ್ಕ್ರೀನ್ ಟೈಮ್ ಆಗಲಿ, ದಿನದ ಲೆಕ್ಕವನ್ನು ಮಧ್ಯರಾತ್ರಿಗೆ ಸೊನ್ನೆ ಮಾಡುತ್ತವೆ. 11:40ಕ್ಕೆ ನಿಮ್ಮ 30 ನಿಮಿಷ ಮುಗಿದು ಆ್ಯಪ್ ಮುಚ್ಚಿಕೊಂಡರೂ, 12 ದಾಟಿದ ಕೂಡಲೇ ಮತ್ತೆ 30 ನಿಮಿಷ ಸಿಕ್ಕಿಬಿಡುತ್ತದೆ. ನೀವು ಎಚ್ಚರವಿರುವುದೇ ಆ ಹೊತ್ತಿನಲ್ಲಿ. ಆದ್ದರಿಂದ ರಾತ್ರಿಯ ಚಟಕ್ಕೆ ನಿಮಿಷದ ಮಿತಿಗಿಂತ ಗಡಿಯಾರದ ಮಿತಿ ಬೇಕು.

ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳನ್ನು ತಡೆಹಿಡಿಯುವ ಫೋಕಸ್ ಮೋಡ್‌ಗೆ ಹೋಗಿ, ಕಾಡುವ ಎರಡು ಮೂರು ಆ್ಯಪ್‌ಗಳನ್ನಷ್ಟೇ ಆರಿಸಿ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಶೆಡ್ಯೂಲ್ ಹಾಕಿ. ಬೆಡ್‌ಟೈಮ್ ಮೋಡ್ ಆ್ಯಪ್‌ಗಳನ್ನು ತಡೆಯುವುದಿಲ್ಲ. ಪರದೆಯನ್ನು ಕಪ್ಪು-ಬಿಳುಪು ಮಾಡಿ ನೋಟಿಫಿಕೇಶನ್ ಸದ್ದಡಗಿಸುತ್ತದೆ, ಅಷ್ಟೆ. ಅದನ್ನೂ ಜೊತೆಗೆ ಹಾಕಿಕೊಳ್ಳಿ, ಬಣ್ಣ ಹೋದರೆ ವಿಡಿಯೊದ ಸೆಳೆತ ತುಸು ಇಳಿಯಬಹುದು. ಐಫೋನಿನಲ್ಲಿ ಇದೇ ಕೆಲಸಕ್ಕೆ ಡೌನ್‌ಟೈಮ್ ಇದೆ. ಅಲ್ಲಿ 'ಇಗ್ನೋರ್ ಲಿಮಿಟ್' ಒತ್ತಿದರೆ ಬೀಗ ತೆರೆದೇ ಬಿಡುತ್ತದೆ, ಹಾಗಾಗಿ ಸ್ಕ್ರೀನ್ ಟೈಮ್ ಪಾಸ್‌ಕೋಡ್ ಅನ್ನು ಮನೆಯವರ ಕೈಯಲ್ಲಿ ಹಾಕಿಸಿ, 'ಬ್ಲಾಕ್ ಅಟ್ ಡೌನ್‌ಟೈಮ್' ಆನ್ ಮಾಡಿ. ನಿಮಗೇ ಗೊತ್ತಿರುವ ಪಾಸ್‌ಕೋಡ್ ಇದ್ದೂ ಇಲ್ಲದಂತೆ.

ಇದೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಚಾರ್ಜರ್‌ನ ಜಾಗ ಬದಲಿಸುವುದು. ಮಲಗುವ ಕೋಣೆಯಿಂದ ಆಚೆ ಇಡಿ. "ಅಲಾರಂ ಬೇಕಲ್ಲ" ಅನ್ನುವ ನೆಪದಲ್ಲೇ ಫೋನು ಹಾಸಿಗೆಗೆ ಮರಳುವುದು, ಆದ್ದರಿಂದ ಬೇರೆ ಅಲಾರಂ ಗಡಿಯಾರ ಮೊದಲೇ ತಂದಿಟ್ಟುಕೊಳ್ಳಿ. ಮೊದಲ ಕೆಲವು ರಾತ್ರಿ ಕೈ ಚಡಪಡಿಸುತ್ತದೆ. ಆ ಖಾಲಿ ಹೊತ್ತಿಗೆ ಪುಸ್ತಕವೋ ರೇಡಿಯೊವೋ ದಿಂಬಿನ ಪಕ್ಕ ಇರಲಿ.

ಮನೋಬಲ ಕಡಿಮೆ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಕೊನೆಯಿಲ್ಲದ ಸ್ಕ್ರಾಲ್ ಅನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಪುಟ ಮುಗಿಯುವುದಿಲ್ಲ, ಮುಂದಿನದು ಚೆನ್ನಾಗಿರುತ್ತದೋ ಇಲ್ಲವೋ ತಿಳಿಯುವುದಿಲ್ಲ. ಆ ಅನಿಶ್ಚಿತತೆಯೇ ಬೆರಳನ್ನು ಓಡಿಸುತ್ತದೆ. "ಇನ್ನೊಂದೇ ಒಂದು" ಎಂಬ ನಿರ್ಧಾರ ಅಲ್ಲಿ ನಿಲ್ಲದು.

ಪೂರ್ತಿ ಬಿಡದೆ ಕಡಿಮೆ ಮಾಡಿದರೂ ಲಾಭವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 143 ವಿದ್ಯಾರ್ಥಿಗಳಿದ್ದರು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಮೂರನ್ನೂ ದಿನಕ್ಕೆ ತಲಾ 10 ನಿಮಿಷಕ್ಕೆ ಇಳಿಸಿದವರಲ್ಲಿ 3 ವಾರಗಳಲ್ಲಿ ಒಂಟಿತನ, ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಪೂರ್ತಿ ಡಿಲೀಟ್ ಮಾಡಿದವರೂ ಗೆಳೆಯರ ಮೆಸೇಜ್‌ಗಾಗಿ ವಾಪಸ್ ಬರುವುದುಂಟು. ಬಂದ ಮೇಲೆ ರೀಲ್ಸ್ ಕೂಡ ಜೊತೆಗೇ ಬರುತ್ತದೆ.

ಸಮಯದಷ್ಟೇ ಮುಖ್ಯ, ನೋಡುವುದು ಏನನ್ನು ಎಂಬುದು. ಯಾರ ಪೋಸ್ಟ್ ನೋಡಿದಾಗಲೆಲ್ಲ ನಿಮ್ಮ ಮೈಬಣ್ಣ, ಕೆಲಸ, ಸಂಬಂಧ ಕೀಳು ಅನ್ನಿಸುತ್ತದೋ ಅವರನ್ನು ಮ್ಯೂಟ್ ಮಾಡಿ. ಅನ್‌ಫಾಲೋ ಮಾಡಿದರೆ ಪರಿಚಿತರಿಗೆ ಗೊತ್ತಾಗಿ ಮುಜುಗರವಾದೀತು, ಮ್ಯೂಟ್ ಮಾಡಿದ್ದು ಅವರಿಗೆ ತಿಳಿಯುವುದಿಲ್ಲ. ನೋಟಿಫಿಕೇಶನ್‌ಗಳಲ್ಲಿ ಕರೆ, ನೇರ ಮೆಸೇಜ್ ಉಳಿಸಿಕೊಂಡು ಲೈಕ್, ಲೈವ್, ಸಲಹೆ ಎಲ್ಲ ಆಫ್ ಮಾಡಿ.

ಒಂದು ಮಾತು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರ ಬಿಡದೆ ಬೇಸರ ಕವಿದಿದ್ದರೆ, ಮೊದಲು ಇಷ್ಟವಿದ್ದದ್ದೂ ಬೇಡವಾಗಿ ನಿದ್ದೆ, ಊಟ ಕೆಟ್ಟಿದ್ದರೆ, ಸೆಟ್ಟಿಂಗ್ ಬದಲಿಸುತ್ತ ಕಾಯದೆ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಸುಳಿದಿದ್ದರೆ ಎರಡು ವಾರವೂ ಕಾಯಬೇಡಿ, ಇವತ್ತೇ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು.